ಊರಿನ ತ್ರೈಮಾಸಿಕ ಅಚ್ಚಿನಲ್ಲಿ ಉಳಿಯಬೇಕೆ, ಬೇಡವೆ?

ಸಂತೆಪೇಟೆ ಓದುಗ:

ಎಲ್ಲರಿಗೂ ನಮಸ್ಕಾರ. ಹಾಸನದಿಂದ ಹೊರಡುತ್ತಿರುವ ನಮ್ಮ ತ್ರೈಮಾಸಿಕ ಸಾಹಿತ್ಯ ಪತ್ರಿಕೆಯ ಚಂದಾ ಪುಸ್ತಕವನ್ನು ಆರು ವರ್ಷಗಳಿಂದ ನೋಡಿಕೊಳ್ಳುತ್ತಿರುವವನು ನಾನು. ಇದು ಸಂಬಳದ ಕೆಲಸವಲ್ಲ. ಅಂಗಡಿಯ ಬಾಗಿಲು ಹಾಕಿದ ಮೇಲೆ ರಾತ್ರಿ ಕುಳಿತು ಲಕೋಟೆಗಳಿಗೆ ವಿಳಾಸದ ಚೀಟಿ ಅಂಟಿಸುವ ಕೆಲಸ. ಕಳೆದ ಭಾನುವಾರ ಬಳಗದವರು ಸೇರಿದ್ದಾಗ, ಮುಂದಿನ ಸಂಚಿಕೆಯಿಂದಲೇ ಅಚ್ಚನ್ನು ನಿಲ್ಲಿಸಿ, ಪಿಡಿಎಫ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಸಾಕು ಎಂಬ ಮಾತು ಬಂದಿತು. ಯಾರೂ ಗಟ್ಟಿಯಾಗಿ ವಿರೋಧಿಸಲಿಲ್ಲ. ನನಗೆ ಹೆಚ್ಚು ಬೇಸರವಾದದ್ದು ಅದಕ್ಕೇ.

ಲೆಕ್ಕವನ್ನು ಮುಚ್ಚಿಡುವುದಿಲ್ಲ. ನಾವು ಅಚ್ಚು ಹಾಕಿಸುವುದು 400 ಪ್ರತಿ. ಪಟ್ಟಿಯಲ್ಲಿರುವ ಚಂದಾದಾರರು 310. ಅವರಲ್ಲಿ ಈ ವರ್ಷದ ಚಂದಾ ಕಟ್ಟಿದವರು 118. ಕಳೆದ ಸಂಚಿಕೆಗೆ ಬಂದ ಕವಿತೆಗಳು 143. ಅವನ್ನು ಕಳುಹಿಸಿದ ಕವಿಗಳಲ್ಲಿ ಚಂದಾದಾರರು 19 ಮಂದಿ. 2025ರಲ್ಲಿ ನಮ್ಮ ಊರಿನ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಹಾಸನವೆಂದರೆ ಸಾಹಿತ್ಯದ ಊರು ಎಂದು ಹೇಳದ ಬಾಯಿರಲಿಲ್ಲ. ಅಂಥ ಊರಿನಲ್ಲಿ ಒಂದು ಪತ್ರಿಕೆಗೆ ಹಣ ಕಟ್ಟುವ ಇನ್ನೂರು ಜನ ಸಿಗುವುದಿಲ್ಲವೆಂದರೆ ತಪ್ಪು ಪತ್ರಿಕೆಯದೋ, ಊರಿನದೋ? ನೇರವಾಗಿ ಹೇಳಿ, ಬೇಸರ ಮಾಡಿಕೊಳ್ಳುವುದಿಲ್ಲ.

ಸಾಲಗಾಮೆ ರಸ್ತೆ:

ನೇರವಾಗಿಯೇ ಹೇಳುತ್ತೇನೆ, ನಿಲ್ಲಿಸಿ. ನನ್ನ ಮನೆಗೆ ಬಂದ ಕೊನೆಯ ಮೂರು ಸಂಚಿಕೆಗಳ ಲಕೋಟೆಯನ್ನೇ ನಾನು ಒಡೆದಿಲ್ಲ, ಆದರೆ ಚಂದಾ ಮಾತ್ರ ತಪ್ಪದೆ ಕಟ್ಟಿದ್ದೇನೆ. ನಿಮ್ಮ 118ರಲ್ಲಿ ನನ್ನಂಥವರು ಎಷ್ಟು ಮಂದಿ ಇದ್ದಾರೆಂದು ಮೊದಲು ಎಣಿಸಿ.

ಹಳೆಯ ಕಂಪೋಸಿಟರ್:

ಸರ್, ನಿಮ್ಮ ಲೆಕ್ಕದಲ್ಲಿ ಅಚ್ಚಿನ ಮನೆಯ ಲೆಕ್ಕವೇ ಇಲ್ಲ. ಪ್ರತಿಗಳನ್ನು 400ರಿಂದ 200ಕ್ಕೆ ಇಳಿಸಿದರೆ ಖರ್ಚು ಅರ್ಧವಾಗುತ್ತದೆಂದು ಬಳಗದಲ್ಲಿ ಯಾರೋ ಹೇಳಿದರೆಂದು ಕೇಳಿದೆ, ಹಾಗಾಗುವುದಿಲ್ಲ. ಪ್ಲೇಟ್ ಮಾಡಿಸುವ ಖರ್ಚು, ಯಂತ್ರವನ್ನು ಹದಕ್ಕೆ ತರುವ ಖರ್ಚು 200 ಪ್ರತಿಗೂ ಅಷ್ಟೇ, 400ಕ್ಕೂ ಅಷ್ಟೇ. ಖರ್ಚು ಏರುವುದು ಫಾರಂಗಳಿಂದ, ಅಂದರೆ ಹಲವು ಪುಟ ಒಟ್ಟಿಗೆ ಅಚ್ಚಾಗುವ ದೊಡ್ಡ ಹಾಳೆಗಳಿಂದ. ಹದಿನಾರು ಪುಟಗಳಿಗೆ ಒಂದು ಫಾರಂ. 64 ಪುಟವೆಂದರೆ ನಾಲ್ಕು ಫಾರಂ, ಅಚ್ಚುಕಟ್ಟು. ಕಳೆದ ಸಂಚಿಕೆಯನ್ನು ನೀವು 68 ಪುಟ ಮಾಡಿದಿರಿ. ಯಾರದೋ ಒಂದು ಉದ್ದನೆಯ ಸನ್ಮಾನ ವರದಿಗಾಗಿ ಬೇರೊಂದು ತುಂಡು ಫಾರಂ ಓಡಿಸಬೇಕಾಯಿತು. ಅದರ ಮೇಲೆ ನಾಲ್ಕು ಬಣ್ಣದ ಮುಖಪುಟ ಬೇರೆ. ಸಾಹಿತ್ಯ ಪತ್ರಿಕೆಗೆ ಎರಡು ಬಣ್ಣ ಸಾಲದೆ?

ನಾನು ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರಗಳನ್ನು ಜೋಡಿಸುತ್ತಿದ್ದ ಕಾಲದಲ್ಲಿ ನಮ್ಮಲ್ಲಿದ್ದ ಮೊಳೆಗಳು ಎಂಟು ಪುಟಕ್ಕೆ ಮಾತ್ರ ಸಾಲುತ್ತಿದ್ದವು. ಎಂಟು ಪುಟ ಜೋಡಿಸಿ, ಕರಡು ತೆಗೆದು, ತಿದ್ದಿಸಿ, ಅಚ್ಚು ಹಾಕಿ, ಮೊಳೆಗಳನ್ನು ಬಿಚ್ಚಿ ಮತ್ತೆ ಖಾನೆಗಳಿಗೆ ಹಾಕಿದ ಮೇಲೆಯೇ ಮುಂದಿನ ಎಂಟು ಪುಟ. ಒತ್ತಕ್ಷರದ ಮೊಳೆಗಳು ಮುಗಿದುಹೋದರೆ ಸಂಪಾದಕರ ಮನೆಗೆ ಹುಡುಗನನ್ನು ಓಡಿಸಿ, ಈ ಪದಕ್ಕೆ ಬದಲು ಬೇರೆ ಪದ ಹಾಕಬಹುದೇ ಎಂದು ಕೇಳಿಸುತ್ತಿದ್ದೆವು. ನಗಬೇಡಿ, ಆ ಕಾರಣಕ್ಕಾಗಿಯೇ ಒಬ್ಬೊಬ್ಬ ಬರಹಗಾರನ ಒಂದೊಂದು ಪದದ ಮೇಲೂ ಯಾರಾದರೂ ಒಬ್ಬರು ಕಣ್ಣಿಡುತ್ತಿದ್ದರು. ಈಗ 64 ಪುಟ ಒಂದೇ ಗುಕ್ಕಿನಲ್ಲಿ ಬಂದು ಬೀಳುತ್ತದೆ. ಅದನ್ನು ಯಾರೂ ಓದಿರುವುದಿಲ್ಲ ಎಂಬುದು ನನಗೆ ಮೊದಲ ಪುಟದಲ್ಲಿಯೇ ಗೊತ್ತಾಗುತ್ತದೆ.

ಅರಸೀಕೆರೆ ಜಂಕ್ಷನ್:

ತಾಲ್ಲೂಕಿನವರ ಕಷ್ಟವನ್ನೂ ಕೇಳಿ. ಯುಗಾದಿ ಸಂಚಿಕೆ ನಮಗೆ ಮುಟ್ಟುವ ಹೊತ್ತಿಗೆ ಮುಂಗಾರು ಹಿಡಿದಿರುತ್ತದೆ. ಪತ್ರಿಕೆಗಳಿಗೆ ಅಂಚೆಯಲ್ಲಿ ರಿಯಾಯಿತಿ ದರ ಇರುವಾಗ ಅದನ್ನು ಪಡೆದು ಎಲ್ಲರಿಗೂ ಸರಿಯಾಗಿ ಕಳುಹಿಸುವುದಕ್ಕೆ ಏನು ಅಡ್ಡಿ? ನೋಂದಣಿ ಮಾಡಿಸುವ ಸೋಮಾರಿತನವಲ್ಲದೆ ಬೇರೇನೂ ಕಾಣುವುದಿಲ್ಲ.

ನಿವೃತ್ತ ಅಂಚೆಯಣ್ಣ:

ಅರಸೀಕೆರೆಯವರೇ, ಸೋಮಾರಿತನವೆನ್ನುವ ಮುಂಚೆ ನಿಯಮವನ್ನು ನೋಡಬೇಕಿತ್ತು. ವೃತ್ತಪತ್ರಿಕೆಯೆಂಬ ರಿಯಾಯಿತಿ ಸಿಗಬೇಕಾದರೆ ಎರಡು ಸಂಚಿಕೆಗಳ ನಡುವೆ 31 ದಿನಗಳಿಗಿಂತ ಹೆಚ್ಚು ಅಂತರ ಇರಬಾರದು, ನಿಜವಾದ ಚಂದಾದಾರರ ಪಟ್ಟಿಯೂ ಇರಬೇಕು ಎಂದು 1898ರ ಅಂಚೆ ಕಾಯ್ದೆಯಲ್ಲಿಯೇ ಇತ್ತು. ಮಾಸಪತ್ರಿಕೆಗೆ ತೆರೆದಿದ್ದ ಆ ಬಾಗಿಲು ಮೂರು ತಿಂಗಳಿಗೊಮ್ಮೆ ಬರುವ ಪತ್ರಿಕೆಗೆ ನನ್ನ ಸೇವೆಯುದ್ದಕ್ಕೂ ಮುಚ್ಚಿಯೇ ಇತ್ತು. ಸಣ್ಣ ಪತ್ರಿಕೆಗಳವರು ನೆಚ್ಚಿಕೊಂಡದ್ದು ಅಚ್ಚಾದ ಪುಸ್ತಕಗಳನ್ನು ಕಡಿಮೆ ದರದಲ್ಲಿ ಕಳುಹಿಸುವ ಬುಕ್‌ಪೋಸ್ಟನ್ನು. ಬೆಲೆಬಾಳುವ ಪ್ರತಿಗಳನ್ನು ನೋಂದಾಯಿತ ಬುಕ್‌ಪೋಸ್ಟ್‌ನಲ್ಲಿ ಕಳುಹಿಸುತ್ತಿದ್ದರು. ಆ ಸೇವೆಯನ್ನು ಇಲಾಖೆ 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು. ಪುಸ್ತಕದ ಕಟ್ಟುಗಳನ್ನು ಹಿಡಿದು ಕೌಂಟರಿನ ಮುಂದೆ ನಿಂತಿದ್ದ ಪ್ರಕಾಶಕರೊಬ್ಬರು ಏನೂ ಮಾತನಾಡದೆ ಕಟ್ಟುಗಳನ್ನು ವಾಪಸು ಆಟೋಗೆ ಹಾಕಿಕೊಂಡು ಹೋದದ್ದನ್ನು ನಾನೇ ನೋಡಿದ್ದೇನೆ.

ಅರಸೀಕೆರೆ ಜಂಕ್ಷನ್:

ಒಪ್ಪಿಕೊಂಡೆ ಅಣ್ಣ, ಸೋಮಾರಿತನವೆಂಬ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಹಾಗಾದರೆ ತಾಲ್ಲೂಕಿಗೊಂದು ಕಟ್ಟನ್ನು ಬಸ್ಸಿನಲ್ಲಿ ಹಾಕಿಕೊಡಿ. ನಿಲ್ದಾಣದಲ್ಲಿ ಇಳಿಸಿಕೊಂಡು ಮನೆಮನೆಗೆ ಮುಟ್ಟಿಸುವ ಕೆಲಸ ಅರಸೀಕೆರೆಯ ಮಟ್ಟಿಗೆ ನನ್ನದು.

ಹೊಸಲೈನ್ ರಸ್ತೆ ಮಿತ್ರ:

ಅಂಚೆ, ಫಾರಂ, ಬಸ್ಸು ಇವೆಲ್ಲ ಆಮೇಲಿನ ಮಾತು. ಬೂಕರ್ ಪಡೆದ ಲೇಖಕಿಯನ್ನು ಬೆಳೆಸಿದ್ದು ಇಂಥ ಸ್ಥಳೀಯ ಪತ್ರಿಕೆಗಳೇ ಎಂಬುದನ್ನು ನಾವು ಎದೆ ತಟ್ಟಿ ಹೇಳಬೇಕು. ಅವರ ಕಾದಂಬರಿಗೆ ಬಂದ ಪ್ರಶಸ್ತಿಯಲ್ಲಿ ನಮಗೂ ಪಾಲಿದೆ.

ಗಂಧದಕೋಠಿ ಅಧ್ಯಾಪಕಿ:

ಸರ್, ಎರಡು ತಿದ್ದುಪಡಿಗಳು. ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ. 12 ಕಥೆಗಳ ಸಂಕಲನಕ್ಕೆ. ಆ ಪ್ರಶಸ್ತಿ ಪಡೆದ ಮೊದಲ ಕಥಾಸಂಕಲನ ಅದು, ಮೊದಲ ಕನ್ನಡ ಕೃತಿಯೂ ಅದೇ, ಮತ್ತು ಅದರಲ್ಲಿ ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರದು ಸಮಪಾಲು. ಎರಡನೆಯದಾಗಿ, ಎದೆ ತಟ್ಟಿಕೊಳ್ಳುವ ಮೊದಲು ಇತಿಹಾಸವನ್ನು ನೋಡೋಣ. ಬಾನು ಮೇಡಂ ಅವರ ಮೊದಲ ಕಥೆ ಬೆಳಕು ಕಂಡದ್ದು 'ಪ್ರಜಾಮತ'ದಲ್ಲಿ. ಅವರು ವರದಿಗಾರರಾಗಿ ದುಡಿದದ್ದು 'ಲಂಕೇಶ್ ಪತ್ರಿಕೆ'ಗೆ. ಎರಡೂ ಬೆಂಗಳೂರಿನವು. ಅವರು ವಕೀಲಿ ಮಾಡುತ್ತಾ, ಇದೇ ಊರಿನ ಹೆಣ್ಣುಮಕ್ಕಳ ಬದುಕನ್ನು ಹತ್ತಿರದಿಂದ ಕಾಣುತ್ತಾ ಬರೆದರು. ಆಗ ಈ ಊರು ಅವರಿಗೆ ಕೊಟ್ಟದ್ದೇನು, ಕೊಡದೆ ಹೋದದ್ದೇನು ಎಂದು ಕೇಳಿಕೊಂಡರೆ ಎದೆ ತಟ್ಟಲು ಕೈ ಏಳುವುದಿಲ್ಲ. ಬಿತ್ತದವರು ಕಣದಲ್ಲಿ ರಾಶಿ ಕೇಳಬಾರದು.

ಇನ್ನೊಂದು ಮಾತನ್ನೂ ಸೇರಿಸುತ್ತೇನೆ. ನಮ್ಮ ಬಳಗದ ಸಭೆಗಳು ಸಂಜೆ ಆರೂವರೆಗೆ ಎಂದು ಕರೆಯೋಲೆಯಲ್ಲಿರುತ್ತದೆ, ಆರಂಭವಾಗುವುದು ಏಳೂಕಾಲಿಗೆ. ಆಲೂರಿನಿಂದಲೋ ಹೊಳೆನರಸೀಪುರದಿಂದಲೋ ಬರುವ ನನ್ನ ವಿದ್ಯಾರ್ಥಿನಿಯರು ಕೊನೆಯ ಬಸ್ಸು ಹಿಡಿಯಬೇಕಾದ ಹೊತ್ತಿನಲ್ಲಿ ಅಧ್ಯಕ್ಷರ ಪರಿಚಯ ಭಾಷಣ ನಡೆಯುತ್ತಿರುತ್ತದೆ. ಆ ಮೇಲೆ ಮಹಿಳೆಯರು ಬರೆಯುವುದೇ ಕಡಿಮೆ ಎಂದು ಸಂಪಾದಕೀಯ ಬರುತ್ತದೆ.

ಹೊಸಲೈನ್ ರಸ್ತೆ ಮಿತ್ರ:

ಮೇಡಂ, ತಿದ್ದುಪಡಿಗೆ ಧನ್ಯವಾದ. ಆದರೂ ಊರಿನ ಪರಂಪರೆ ಸಣ್ಣದಲ್ಲ. ಕನ್ನಡದ ಮೊದಲ ಶಾಸನಗಳಲ್ಲಿ ಹೆಸರಾದ ಹಲ್ಮಿಡಿ ನಮ್ಮ ಬೇಲೂರು ತಾಲ್ಲೂಕಿನದು. ಗೊರೂರು ರಾಮಸ್ವಾಮಿ ಅಯ್ಯಂಗಾರರು ನಮ್ಮವರು, ಭೈರಪ್ಪನವರು ನಮ್ಮ ಸಂತೇಶಿವರದವರು, 1908ರಲ್ಲಿ ರಾಜಾ ರಾವ್ ಹುಟ್ಟಿದ್ದು ಇದೇ ಹಾಸನದಲ್ಲಿ.

ಕಟ್ಟಿನಕೆರೆ:

ಹಲ್ಮಿಡಿ ಬಂದೇ ಬಿಟ್ಟಿತು! ನಮ್ಮ ಜಿಲ್ಲೆಯಲ್ಲಿ ಚರಂಡಿ ದುರಸ್ತಿಯ ಅರ್ಜಿಯೂ ಹಲ್ಮಿಡಿಯಿಂದಲೇ ಆರಂಭವಾಗುತ್ತದೆ. ಅಂದ ಹಾಗೆ ಮೂಲ ಕಲ್ಲು ಇರುವುದು ಮೈಸೂರಿನಲ್ಲಿ, ಹಲ್ಮಿಡಿಯಲ್ಲಿರುವುದು ಪ್ರತಿಕೃತಿ. ನಿಮ್ಮ ಪಟ್ಟಿಯ ಹೆಚ್ಚಿನವರ ಕಥೆಯೂ ಅದೇ ಅಲ್ಲವೆ? ರಾಜಾ ರಾವ್ ಬರೆದದ್ದು ಇಂಗ್ಲಿಷಿನಲ್ಲಿ, ಬದುಕಿದ್ದು ಹೊರದೇಶಗಳಲ್ಲಿ. ಭೈರಪ್ಪನವರು ನೆಲೆ ನಿಂತದ್ದು ಮೈಸೂರಿನಲ್ಲಿ. ಹುಟ್ಟಿದವರ ಪಟ್ಟಿ ಜನನ ಪ್ರಮಾಣಪತ್ರದ ಕಚೇರಿಗೆ ಬೇಕಾದದ್ದು. ಪತ್ರಿಕೆಗೆ ಬೇಕಾದದ್ದು ಊರಿನಲ್ಲಿ ಉಳಿದು ಬರೆಯುವವರು ಮತ್ತು ಅವರನ್ನು ಓದುವವರು. ಆ ಲೆಕ್ಕದಲ್ಲಿ ಹೇಮಾವತಿಯ ದಂಡೆಯ ಜೀವನವನ್ನೇ ಬರೆದ ಗೊರೂರರ ಮಟ್ಟಿಗೆ ಮಾತ್ರ ನಿಮ್ಮ ಮಾತನ್ನು ಒಪ್ಪುತ್ತೇನೆ.

ಮೂಡಿಗೆರೆ ಕಾಫಿಹೂವು:

ಪಕ್ಕದ ಜಿಲ್ಲೆಯವಳು ಮಾತನಾಡಬಹುದೋ ಇಲ್ಲವೋ ತಿಳಿಯದು. ನಮ್ಮಲ್ಲಿಯೂ ತೇಜಸ್ವಿಯವರ ಹೆಸರಿನಲ್ಲಿ ಹಲ್ಮಿಡಿಯ ಕೆಲಸ ನಡೆಯುತ್ತಿರುತ್ತದೆ, ಆದ್ದರಿಂದ ಕಟ್ಟಿನಕೆರೆಯವರ ಮಾತು ನನಗೆ ಚೆನ್ನಾಗಿಯೇ ಅರ್ಥವಾಯಿತು. ನಾನು ಹೇಳಬೇಕೆಂದಿರುವುದು ನಿಮ್ಮ ಪತ್ರಿಕೆಯಿಂದ ನನಗಾದ ಉಪಕಾರವನ್ನು.

ಹನ್ನೊಂದು ವರ್ಷಗಳ ಹಿಂದೆ ನಾನೊಂದು ಕಥೆಯನ್ನು ನಿಮ್ಮ ಸಂಪಾದಕರಿಗೆ ಕಳುಹಿಸಿದ್ದೆ. ಆಗ ಅವರು ಸ್ವವಿಳಾಸದ, ಅಂಚೆಚೀಟಿ ಹಚ್ಚಿದ ಲಕೋಟೆಯನ್ನು ಜೊತೆಗಿಡಬೇಕೆಂದು ನಿಯಮ ಮಾಡಿದ್ದರು. ಎರಡು ತಿಂಗಳಿಗೆ ಕಥೆ ಹಿಂದಿರುಗಿತು. ತೋಟದ ಆಳಿನ ಮನೆಯಲ್ಲಿ ಸಾವಾದ ರಾತ್ರಿಯ ಕಥೆ ಅದು. ನಾನು ಅದರಲ್ಲಿ ಎರಡು ಪುಟ ಮಳೆಯನ್ನೇ ವರ್ಣಿಸಿದ್ದೆ. ಅಂಚಿನಲ್ಲಿ ಪೆನ್ಸಿಲ್ಲಿನಿಂದ, "ಮಳೆ ಚೆನ್ನಾಗಿ ಬಂದಿದೆ, ಹೆಣ ಇನ್ನೂ ಒಳಗೇ ಇದೆ, ಬೇಗ ಬನ್ನಿ" ಎಂದು ಬರೆದಿದ್ದರು. ಇನ್ನೊಂದು ಕಡೆ, ಆಳಿನ ಹೆಂಡತಿ ಗ್ರಾಂಥಿಕ ಭಾಷೆಯಲ್ಲಿ ಅಳುವುದನ್ನು ಗುರುತು ಮಾಡಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಷ್ಟೇ ಹಾಕಿದ್ದರು. ನಾನು ಒಂದು ವಾರ ಆ ಪುಟಗಳನ್ನು ಮುಟ್ಟಲಿಲ್ಲ. ಆಮೇಲೆ ಮಳೆಯನ್ನು ಆರು ಸಾಲಿಗೆ ಇಳಿಸಿ, ಅಳುವನ್ನು ಅವಳ ಮಾತಿನಲ್ಲಿಯೇ ಬರೆದು ಕಳುಹಿಸಿದೆ. ಮತ್ತೆ ಹಿಂದಿರುಗಿತು! ಮೂರನೆಯ ಸಲ ಅಚ್ಚಾಯಿತು. ನನಗೆ ಅದಕ್ಕಿಂತ ದೊಡ್ಡ ಪತ್ರಿಕೆಗಳು ಆಮೇಲೆ ಜಾಗ ಕೊಟ್ಟಿವೆ, ಸಂಭಾವನೆಯನ್ನೂ ಕೊಟ್ಟಿವೆ. ನನ್ನ ಬರಹವನ್ನು ಅಷ್ಟು ಗಮನವಿಟ್ಟು ಓದಿದವರು ಮಾತ್ರ ಮತ್ತೆ ಸಿಗಲಿಲ್ಲ. ನಾನು ಹಣ ಕಟ್ಟುತ್ತಿರುವುದು ಆ ಪೆನ್ಸಿಲ್ಲಿಗೆ.

ಸಾಲಗಾಮೆ ರಸ್ತೆ:

ಅಕ್ಕ, ನಿಮ್ಮ ಮಾತು ಮುಟ್ಟಿತು. ಆದರೆ ಪೆನ್ಸಿಲ್ಲಿಗೆ ಅಚ್ಚಿನ ಯಂತ್ರ ಯಾಕೆ ಬೇಕು? ಸಂಪಾದಕರು ಅದೇ ಮಾತನ್ನು ಮಿಂಚಂಚೆಯಲ್ಲಿಯೂ ಬರೆಯಬಹುದಿತ್ತು.

ಚಂದಾ ಕಟ್ಟದ ಕವಿ:

ಮೊದಲ ಬರಹದಲ್ಲಿ 143 ಮತ್ತು 19 ಎಂಬ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟದ್ದು ನಮ್ಮನ್ನು ಚುಚ್ಚುವುದಕ್ಕೇ ಎಂದು ನನಗೆ ಅನ್ನಿಸಿತು. ನಾನು ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆಯ ಮೇಲೆ ಪಾಳಿ ಕೆಲಸ ಮಾಡುವವನು. ಮೂರು ವರ್ಷಗಳಲ್ಲಿ ಎಂಟು ಕವಿತೆಗಳನ್ನು ಕಳುಹಿಸಿದ್ದೇನೆ. ಒಂದೂ ಅಚ್ಚಾಗಿಲ್ಲ, ಒಂದೂ ಹಿಂದಿರುಗಿಲ್ಲ, ಬಂದಿತೆಂದೂ ಯಾರೂ ತಿಳಿಸಿಲ್ಲ. ಮೂಡಿಗೆರೆಯ ಅಕ್ಕನವರಿಗೆ ಸಿಕ್ಕ ಪೆನ್ಸಿಲ್ಲು ನನ್ನ ಕಾಲಕ್ಕೆ ಎಲ್ಲಿ ಹೋಯಿತು? ಓದುತ್ತಾರೋ ಇಲ್ಲವೋ ತಿಳಿಯದ ಪತ್ರಿಕೆಗೆ ನಾನು ಚಂದಾ ಯಾಕೆ ಕಟ್ಟಬೇಕು? ಕವಿಗೋಷ್ಠಿಗೆ ಹೋದರೆ ಕಡೆಗೆ ಒಂದು ಪ್ರಮಾಣಪತ್ರವನ್ನಾದರೂ ಕೊಡುತ್ತಾರೆ, ಎದುರಿಗೆ ನಾಲ್ಕು ಜನ ಕುಳಿತಿರುತ್ತಾರೆ.

ಕಟ್ಟಿನಕೆರೆ:

ಆ ನಾಲ್ಕು ಜನ ಮುಂದಿನ ಸರದಿಗೆ ಕಾಯುತ್ತಿರುವ ಕವಿಗಳು, ತಮ್ಮಾ. ನಿನ್ನ ಕವಿತೆ ಮುಗಿದದ್ದು ಅವರಿಗೆ ಗೊತ್ತಾಗುವುದು ಚಪ್ಪಾಳೆ ತಟ್ಟುವ ಹೊತ್ತಿನಲ್ಲಿ ಮಾತ್ರ.

ಚಂದಾ ಕಟ್ಟದ ಕವಿ:

ಅದು ನನಗೂ ಗೊತ್ತು ಸರ್. ಗೊತ್ತಿದ್ದರೂ ಹೋಗುತ್ತೇನೆ, ಬೇರೆ ಜಾಗ ಎಲ್ಲಿದೆ?

ಗಂಧದಕೋಠಿ ಅಧ್ಯಾಪಕಿ:

ಈ ಹುಡುಗನ ಪ್ರಶ್ನೆಯನ್ನು ದಾಟಿಕೊಂಡು ಫಾರಂ ಲೆಕ್ಕಕ್ಕೆ ಹೋಗಬೇಡಿ. ಕಿರುಪತ್ರಿಕೆಗಳ ಇತಿಹಾಸವನ್ನು ತರಗತಿಯಲ್ಲಿ ಪಾಠ ಮಾಡುವಾಗ ನಾನು ಹೇಳುವುದು ಇದನ್ನೇ. 1962ರಲ್ಲಿ ಅಡಿಗರು 'ಸಾಕ್ಷಿ' ಹೊರಡಿಸಿದಾಗ, 1964ರಲ್ಲಿ ಧಾರವಾಡದ ಮೂವರು ಗೆಳೆಯರು 'ಸಂಕ್ರಮಣ' ತಂದಾಗ, ಆ ಪತ್ರಿಕೆಗಳ ಹಿಂದೆ ದೊಡ್ಡ ಪ್ರಸಾರ ಸಂಖ್ಯೆ ಇರಲಿಲ್ಲ. ಇದು ನಮಗೆ ಬೇಕು, ಇದು ಬೇಡ ಎಂದು ನಿಷ್ಠುರವಾಗಿ ಹೇಳುವ ಒಂದು ಅಭಿರುಚಿ ಇತ್ತು. ಅದರೊಂದಿಗೆ ಜಗಳವಾಡುವುದಕ್ಕಾದರೂ ಜನ ಓದುತ್ತಿದ್ದರು. ನಮ್ಮ ಪತ್ರಿಕೆ ಮೊದಮೊದಲು ಹಾಗೆಯೇ ಇತ್ತು. ಯಾರಿಗೂ ಬೇಸರವಾಗಬಾರದೆಂದು ಎಲ್ಲರಿಗೂ ಅರ್ಧರ್ಧ ಪುಟ ಹಂಚತೊಡಗಿದ ದಿನದಿಂದ ಅದು ಮದುವೆಯ ಮನೆಯ ತಾಂಬೂಲದಂತಾಗಿದೆ: ಎಲ್ಲರಿಗೂ ಸಿಗುತ್ತದೆ, ಯಾರೂ ಬಿಚ್ಚಿ ನೋಡುವುದಿಲ್ಲ.

ಹಳೆಯ ಕಂಪೋಸಿಟರ್:

ಮೇಡಂ ಮಾತಿಗೆ ನನ್ನ ಒಪ್ಪಿಗೆ ಇದೆ. ಸನ್ಮಾನದ ವರದಿಗಳನ್ನು ಬಿಟ್ಟರೆ ತುಂಡು ಫಾರಮ್ಮೂ ತಪ್ಪುತ್ತದೆ.

ಸಕಲೇಶಪುರ ಘಾಟಿ:

ಪಿಡಿಎಫ್ ಪರವಾಗಿರುವವರಿಗೆ ಒಂದು ಎಚ್ಚರಿಕೆ. ನಾನು ಡಿಟಿಪಿ, ಅಂದರೆ ಗಣಕದಲ್ಲಿ ಪುಟ ಕಟ್ಟುವ ಕೆಲಸ ಮಾಡುವವನು. ಈ ಪತ್ರಿಕೆಯ ಹಳೆಯ ಕಡತಗಳು ಒಂದಷ್ಟು ನನ್ನ ಬಳಿ ಇವೆ. ಅವೆಲ್ಲ ಪೇಜ್‌ಮೇಕರ್ ಎಂಬ ಹಳೆಯ ತಂತ್ರಾಂಶದಲ್ಲಿ, ಹಳೆಯ ನುಡಿ ಅಕ್ಷರಶೈಲಿಯಲ್ಲಿ ಪುಟ ಕಟ್ಟಿದವು. ಅದರಿಂದ ಹೊರಡಿಸಿದ ಪಿಡಿಎಫ್ ಕಣ್ಣಿಗೆ ಕನ್ನಡವಾಗಿಯೇ ಕಾಣುತ್ತದೆ, ಆದರೆ ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಲೇಖಕರ ಹೆಸರನ್ನು ಹುಡುಕಿದರೆ ಸಿಗುವುದಿಲ್ಲ. ಎಲ್ಲ ಗಣಕ, ಫೋನುಗಳೂ ಗುರುತಿಸುವ ಯೂನಿಕೋಡಿಗೆ ಬದಲಾಯಿಸಲು ಹೋದರೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಒತ್ತಕ್ಷರ ಕಳಚಿ ಬೀಳುತ್ತದೆ, ಮತ್ತೆ ಒಂದೊಂದು ಸಾಲನ್ನೂ ಮನುಷ್ಯರೇ ತಿದ್ದಬೇಕು. ವಾಟ್ಸ್‌ಆ್ಯಪ್ ಕಥೆಯಂತೂ ಗೊತ್ತೇ ಇದೆ: ನಾನು 2020ರಲ್ಲಿ ಕಳುಹಿಸಿದ್ದ ಸಂಚಿಕೆಯನ್ನು ಈಗ ಕೇಳಿದರೆ ಬಳಗದ ಯಾರ ಫೋನಿನಲ್ಲಿಯೂ ಇಲ್ಲ. ಅಚ್ಚಿನ ಪ್ರತಿಗಳು ಸಂತೆಪೇಟೆಯವರ ಅಟ್ಟದ ಮೇಲೆ ಗೆದ್ದಲು ಹಿಡಿದಾದರೂ ಇವೆ.

ಸಂತೆಪೇಟೆ ಓದುಗ:

ಗೆದ್ದಲು ಹಿಡಿದಿಲ್ಲ, ಪ್ರತಿ ಬೇಸಿಗೆಯಲ್ಲಿ ಬಿಸಿಲಿಗೆ ಹಾಕುತ್ತೇನೆ.

ಸಾಲಗಾಮೆ ರಸ್ತೆ:

ಸಕಲೇಶಪುರದವರು ಹೇಳಿದ್ದು ಪಿಡಿಎಫ್‌ನ ತಪ್ಪಲ್ಲ, ನಾವು ಅದನ್ನು ಮಾಡುವ ರೀತಿಯ ತಪ್ಪು. ಮೊದಲಿನಿಂದಲೇ ಯೂನಿಕೋಡಿನಲ್ಲಿ ಪುಟ ಕಟ್ಟಿ, ಒಂದು ಕಡೆ ಕ್ರಮವಾಗಿ ಇಟ್ಟರೆ ಮೂಡಿಗೆರೆಯಲ್ಲಿಯೂ ಓದಬಹುದು, ದುಬೈನಲ್ಲಿಯೂ ಓದಬಹುದು. ನಾನು ಲಕೋಟೆ ಒಡೆಯದವನೇ ಹೊರತು ಓದದವನಲ್ಲ. ಫೋನಿನಲ್ಲಿ ಬಂದರೆ ಬಸ್ಸಿನಲ್ಲಿ ಕುಳಿತು ಓದುತ್ತೇನೆ.

ಬಳಗದ ಹಿರಿಯ ಸದಸ್ಯ:

ಇಲ್ಲಿಯವರೆಗೆ ಸುಮ್ಮನಿದ್ದೆ. ಚಂದಾ ಕಟ್ಟದ ಕವಿಯವರು ಕೇಳಿದ ಪ್ರಶ್ನೆಗೆ ಉತ್ತರಿಸುವ ಹೊಣೆ ನಮ್ಮ ಮೇಲಿರುವುದರಿಂದ ಬರೆಯುತ್ತಿದ್ದೇನೆ. ಅಚ್ಚನ್ನು ನಿಲ್ಲಿಸುವ ಮಾತು ಹಣದಿಂದ ಹುಟ್ಟಿದ್ದಲ್ಲ. ಸಂಪಾದಕರಾದ ನಮ್ಮ ಮೇಷ್ಟ್ರಿಗೆ ಎರಡು ವರ್ಷಗಳಿಂದ ಕಣ್ಣಿನ ತೊಂದರೆ ಹೆಚ್ಚಾಗಿದೆ. ಬಂದ ಬರಹಗಳನ್ನೆಲ್ಲ ಒಬ್ಬರೇ ಓದಿ, ಗುರುತು ಹಾಕಿ, ಹಿಂದಿರುಗಿಸುತ್ತಿದ್ದ ಅವರಿಗೆ ಈಗ ದಿನಕ್ಕೆ ನಾಲ್ಕು ಪುಟ ಓದುವುದೂ ಕಷ್ಟ. ಹಾಗೆಂದು ಬಾಯಿಬಿಟ್ಟು ಹೇಳುವ ಸ್ವಭಾವ ಅವರದಲ್ಲ. ಹೇಳಿದರೆ ಪತ್ರಿಕೆಯನ್ನು ಬೇರೆಯವರು ಹಿಡಿದುಕೊಳ್ಳುತ್ತಾರೆಂಬ ಅಳುಕೂ ಇರಬಹುದು. ನಾವು ಅವರ ಮರ್ಯಾದೆಗೆ ಅಂಜಿ ಸುಮ್ಮನಿದ್ದೆವು, ಓದದೆಯೇ ಪುಟಗಳನ್ನು ತುಂಬಿಸಿದೆವು. ನಿಮ್ಮ ಎಂಟು ಕವಿತೆಗಳು ನನ್ನ ಮನೆಯ ಬೀರುವಿನಲ್ಲಿ, ಒಂದು ಬಟ್ಟೆಯ ಚೀಲದಲ್ಲಿ ಇವೆ. ಒಡೆಯದ ಲಕೋಟೆಗಳು ಸಾಲಗಾಮೆ ರಸ್ತೆಯವರ ಮನೆಯಲ್ಲಿ ಮಾತ್ರ ಇಲ್ಲ.

ಚಂದಾ ಕಟ್ಟದ ಕವಿ:

ಇದನ್ನು ಮೊದಲೇ ಹೇಳಿದ್ದರೆ ನಾನು ಬೇರೆ ರೀತಿ ಬರೆಯುತ್ತಿದ್ದೆ. ಮೇಷ್ಟ್ರ ಬಗ್ಗೆ ನಾನು ಆಡಿದ್ದರಲ್ಲಿ ಬಿರುಸಾದ ಮಾತು ಇದ್ದರೆ ಕ್ಷಮಿಸಿ. ಉಳಿದ ಮಾತಿಗೆ ನಾನು ಬದ್ಧ.

ಮೂಡಿಗೆರೆ ಕಾಫಿಹೂವು:

ನನಗೆ ಈಗ ಮಾತು ಹೊರಡುತ್ತಿಲ್ಲ. ಅವರು ಓದಲಾರದಿದ್ದರೆ ನಾವು ಓದಿ ಹೇಳೋಣ. ಒಬ್ಬರು ಗಟ್ಟಿಯಾಗಿ ಓದಲಿ, ಅವರು ಕೇಳಿಸಿಕೊಂಡು ಹೇಳಲಿ, ಇನ್ನೊಬ್ಬರು ಅಂಚಿನಲ್ಲಿ ಬರೆಯಲಿ. ಕವಿತೆಯಂತೂ ಕಿವಿಗೆ ಬಿದ್ದರೇ ಚೆನ್ನ.

ಗಂಧದಕೋಠಿ ಅಧ್ಯಾಪಕಿ:

ಇದಕ್ಕೆ ನಾನು ಸಿದ್ಧ. ಆದರೆ ಮೇಷ್ಟ್ರೊಬ್ಬರ ಮೇಲೆ ಮತ್ತೆ ಎಲ್ಲ ಹೊರೆಯನ್ನು ಹೇರಬೇಡಿ. 143 ಕವಿತೆಗಳನ್ನು ಆರು ಜನ ಹಂಚಿಕೊಂಡರೆ ತಲೆಗೆ 24 ಕೂಡ ಆಗುವುದಿಲ್ಲ. ಪ್ರತಿಯೊಂದಕ್ಕೂ ಎರಡು ಸಾಲಿನ ಟಿಪ್ಪಣಿ ಕಡ್ಡಾಯವಾಗಲಿ. ಅನುಮಾನ ಬಂದವನ್ನು ಮಾತ್ರ ಅವರಿಗೆ ಓದಿ ಹೇಳೋಣ. ಸಭೆ ಹಗಲಿನಲ್ಲಿ ನಡೆಯಲಿ, ಮತ್ತು ಆರರಲ್ಲಿ ಮೂವರಾದರೂ ಮೂವತ್ತು ದಾಟದವರಿರಲಿ.

ಹೊಸಲೈನ್ ರಸ್ತೆ ಮಿತ್ರ:

ಉದ್ಘಾಟನೆಗೆ ಯಾರನ್ನು ಕರೆಯೋಣ?

ಕಟ್ಟಿನಕೆರೆ:

ಮಿತ್ರರೇ, ಯಾರನ್ನೂ ಕರೆಯುವುದಿಲ್ಲ. ಶಾಲು ಇಲ್ಲ, ಹಾರ ಇಲ್ಲ, ಮೈಸೂರು ಪೇಟ ಇಲ್ಲ. ನೀವೂ ಬನ್ನಿ, ನಿಮ್ಮ ಪಾಲಿಗೆ 24 ಕವಿತೆ ಇಡುತ್ತೇವೆ.

ಸಂತೆಪೇಟೆ ಓದುಗ:

ನಾನು ಕೇಳಿದ್ದು ಅಚ್ಚಿನ ಬಗ್ಗೆ, ಮಾತು ಬಂದು ನಿಂತದ್ದು ಬೀರುವಿನ ಚೀಲದ ಬಳಿ. ನಿನ್ನೆ ಸಂಜೆ ಮೇಷ್ಟ್ರ ಮನೆಗೆ ಹೋಗಿ ಈ ಬರಹಗಳನ್ನೆಲ್ಲ ಓದಿ ಹೇಳಿದೆ. ಕಟ್ಟಿನಕೆರೆಯವರ ಮಾತಿಗೆ ನಕ್ಕರು, ಚೀಲದ ಮಾತಿಗೆ ಸುಮ್ಮನಾದರು. ಕೊನೆಗೆ, ಆ ಹುಡುಗನ ಕವಿತೆಗಳನ್ನು ಮೊದಲು ಓದಿ ಎಂದರು. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮಹಾರಾಜ ಪಾರ್ಕಿನಲ್ಲಿ ಸೇರೋಣ. ಮಳೆ ಬಂದರೆ ನನ್ನ ಅಂಗಡಿಯಲ್ಲಿ. ಮುಂದಿನ ಸಂಚಿಕೆ ಅಚ್ಚಿನಲ್ಲಿ ಬರುತ್ತದೆ, ಎರಡು ಬಣ್ಣದ ಮುಖಪುಟದೊಂದಿಗೆ, 300 ಪ್ರತಿ. ಸಾಲಗಾಮೆ ರಸ್ತೆಯವರಿಗಾಗಿ ಯೂನಿಕೋಡ್ ಪ್ರತಿಯನ್ನು ಸಕಲೇಶಪುರದವರು ಮಾಡಿಕೊಡಲು ಒಪ್ಪಿದ್ದಾರೆ. ಅದರಾಚೆಯ ಸಂಚಿಕೆಯ ವಿಚಾರವನ್ನು ಆಮೇಲೆ ನೋಡೋಣ.

ಅರಸೀಕೆರೆ ಜಂಕ್ಷನ್:

ಹತ್ತು ಗಂಟೆಗೆ ನಾನು ಮುಟ್ಟಲಾರೆ, ಹನ್ನೊಂದಕ್ಕೆ ಇಟ್ಟುಕೊಳ್ಳಿ. ವಾಪಸು ಹೋಗುವಾಗ ಕಟ್ಟು ಸಿದ್ಧವಿದ್ದರೆ ಹೊತ್ತುಕೊಂಡೇ ಹೋಗುತ್ತೇನೆ.

ಚಂದಾ ಕಟ್ಟದ ಕವಿ:

ಭಾನುವಾರ ನನಗೆ ರಾತ್ರಿ ಪಾಳಿ, ಹಗಲು ಬಿಡುವಿದೆ. ನನ್ನವನ್ನು ಬೇರೆಯವರು ಓದಲಿ, ನನಗೆ ಬೇರೆಯವರವನ್ನು ಕೊಡಿ. ಚಂದಾದ ವಿಚಾರವನ್ನು ಟಿಪ್ಪಣಿ ಓದಿದ ಮೇಲೆ ಹೇಳುತ್ತೇನೆ.

ಹಳೆಯ ಕಂಪೋಸಿಟರ್:

ನಾನೂ ಬರುತ್ತೇನೆ, ಪೆನ್ಸಿಲ್ಲುಗಳನ್ನು ನಾನೇ ತರುತ್ತೇನೆ. ಆದರೆ ಪುಟ 64 ದಾಟಿತೆಂದು ಕಿವಿಗೆ ಬಿದ್ದರೆ ಅಲ್ಲಿಂದಲೇ ಎದ್ದು ಹೋಗುತ್ತೇನೆ, ಈಗಲೇ ಹೇಳಿದ್ದೇನೆ.